“ಟಿವಿ ಕೆಟ್ಟೋಯ್ತು, ನಾನೇ ಏನೋ ಒತ್ತಿಬಿಟ್ಟೆ”: ಅಮ್ಮನ ಎರಡು ರಿಮೋಟಿಗೆ ಏನು ಮಾಡಲಿ?

ಕಪಿಲಾತೀರ (ಚರ್ಚೆ ಆರಂಭಿಸಿದವರು)

ನಮಸ್ಕಾರ ಎಲ್ಲರಿಗೂ. ನಮ್ಮಮ್ಮನಿಗೆ 72 ವರ್ಷ. ನಂಜನಗೂಡಿನ ಹತ್ತಿರದ ಊರಲ್ಲಿ ಒಬ್ಬರೇ ಇರ್ತಾರೆ, ನಾನು ಬೆಂಗಳೂರಲ್ಲಿ. ವಾರಕ್ಕೆ ಎರಡು ಸಲವಾದರೂ ರಾತ್ರಿ ಏಳೂವರೆ ಹೊತ್ತಿಗೆ ಫೋನ್ ಬರುತ್ತೆ: “ಟಿವಿ ಕೆಟ್ಟೋಯ್ತು ಕಣವ್ವ, ನಾನೇ ಏನೋ ಒತ್ತಿಬಿಟ್ಟೆ.”

ಟಿವಿ ಕೆಟ್ಟಿರೋದಿಲ್ಲ. ಪರದೆ ನೀಲಿಯಾಗಿ, ‘ನೋ ಸಿಗ್ನಲ್’ ಅಂತ ಇಂಗ್ಲಿಷಲ್ಲಿ ಬಂದಿರುತ್ತೆ, ಅಷ್ಟೇ. ಮನೇಲಿ ಎರಡು ರಿಮೋಟು. ಟಿವಿದೊಂದು, ಸೆಟ್‌ಟಾಪ್ ಬಾಕ್ಸಿಂದೊಂದು. ಎರಡರ ತಲೆ ಮೇಲೂ ಕೆಂಪು ಗುಂಡಿ, ಎರಡರಲ್ಲೂ ವಾಲ್ಯೂಮು, ಎರಡರಲ್ಲೂ ಒಂದರಿಂದ ಒಂಬತ್ತು. ಟಿವಿ ಹಾಕೋಕೆ ಎರಡೂ ಕೆಂಪು ಒತ್ತಬೇಕು. ಬಾಕ್ಸಿನ ಕೆಂಪು ಒತ್ತಿ ಅದು ಎದ್ದೇಳೋಕೆ ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಅಮ್ಮ ಇನ್ನೊಂದು ಸಲ ಒತ್ತಿರ್ತಾರೆ, ಅದು ಆಫ್ ಆಗಿರುತ್ತೆ. ಇಲ್ಲಾಂದ್ರೆ ಟಿವಿ ರಿಮೋಟಿನ ‘ಸೋರ್ಸ್’ ಗುಂಡಿಗೆ ಬೆರಳು ತಾಗಿರುತ್ತೆ. ಬಾಕ್ಸಿನ ವೈರು ಒಂದು ಕಡೆ ಇರುತ್ತೆ, ಟಿವಿ ಇನ್ನೊಂದು ಕಡೆ ನೋಡ್ತಾ ಕೂತಿರುತ್ತೆ.

ಕಳೆದ ಯುಗಾದಿಗೆ ಹೋದಾಗ ಹನ್ನೊಂದು ಹಂತಗಳನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಬಂದೆ. ಕೆಲಸಕ್ಕೆ ಬರಲಿಲ್ಲ. ಅಮ್ಮ ಓದು ಬಲ್ಲವರು, ದಿನಾ ಪೇಪರ್ ಓದ್ತಾರೆ. ಊರಿನ ಹಾಲಿನ ಡೈರಿ ಲೆಕ್ಕ ವರ್ಷಗಟ್ಟಲೆ ಬರೆದವರು, ಒಂದು ಪೈಸೆ ಹೆಚ್ಚುಕಮ್ಮಿ ಆದದ್ದಿಲ್ಲ. ಅಂಥವರು ಮೊನ್ನೆ ಫೋನಲ್ಲಿ “ನನ್ನ ತಲೆಗೆ ಇದೆಲ್ಲ ಹೋಗಲ್ಲ ಬಿಡು” ಅಂದರು. ಸೀರಿಯಲ್ ತಪ್ಪಿದ್ದಕ್ಕಿಂತ ಆ ಮಾತು ನನಗೆ ಹೆಚ್ಚು ನೋವಾಯ್ತು. ಶನಿವಾರ ಊರಿಗೆ ಹೋಗ್ತಿದೀನಿ. ಏನು ಮಾಡಿ ಬರಲಿ, ಹೇಳಿ.

ರಿಪೇರಿ ಅಂಗಡಿ, ತಿಪಟೂರು

ಅಕ್ಕ, ಮೊದಲು ಆ ಹನ್ನೊಂದು ಹಂತದ ಚೀಟಿ ಕಿತ್ತುಹಾಕಿ. ಗೋಡೆ ಮೇಲೆ ಅಷ್ಟು ದೊಡ್ಡ ಚೀಟಿ ಇದ್ದರೆ ‘ಇದು ಕಷ್ಟದ ಸಾಮಾನು’ ಅಂತ ದಿನಾ ನೆನಪಿಸಿದ ಹಾಗೆ.

ಹಲವು ಸೆಟ್‌ಟಾಪ್ ಬಾಕ್ಸ್ ರಿಮೋಟಲ್ಲಿ ಟಿವಿ ರಿಮೋಟಿನ ಗುಂಡಿಗಳನ್ನು ಕಲಿಸೋ ವ್ಯವಸ್ಥೆ ಇರುತ್ತೆ. ಎರಡೂ ರಿಮೋಟನ್ನು ತಲೆಗೆ ತಲೆ ಎದುರು ಇಟ್ಟು, ಕಂಪನಿಯವರು ಹೇಳಿದ ಗುಂಡಿ ಹಿಡಿದರೆ ಟಿವಿಯ ಪವರ್, ವಾಲ್ಯೂಮ್ ಇದಕ್ಕೆ ನಕಲಾಗುತ್ತೆ. ಪವರ್, ವಾಲ್ಯೂಮ್ ಮಾತ್ರ ಕಲಿಸಿ. ‘ಸೋರ್ಸ್’ ಕಲಿಸಬೇಡಿ. ಆಮೇಲೆ ಟಿವಿ ರಿಮೋಟನ್ನು ಸೆಲ್ ತೆಗೆದು ಬೀರುವಿನಲ್ಲಿಡಿ.

ಎರಡನೇದು, ಟಿವಿ ಸೆಟ್ಟಿಂಗಲ್ಲಿ ‘ಎಚ್‌ಡಿಎಂಐ ಸಿಇಸಿ’ ಅಂತ ಇದೆಯಾ ನೋಡಿ (ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಟ್ಟಿರುತ್ತೆ). ಟಿವಿ, ಬಾಕ್ಸು ಎರಡಕ್ಕೂ ಅದು ಗೊತ್ತಿದ್ದರೆ ಒಂದು ಎದ್ದಾಗ ಇನ್ನೊಂದೂ ಏಳುತ್ತೆ.

ಮೂರನೇದು, ರಿಮೋಟ್ ಸೆಲ್ ಹೋಗಿದೆಯೋ ಇಲ್ಲವೋ ಅಂತ ವಿಡಿಯೊ ಕಾಲಲ್ಲೇ ನೋಡಬಹುದು. ಫೋನಿನ ಮುಂದಿನ ಕ್ಯಾಮರಾಕ್ಕೆ ರಿಮೋಟ್ ಮೂತಿ ತೋರಿಸಿ ಗುಂಡಿ ಒತ್ತೋಕೆ ಹೇಳಿ. ಕಣ್ಣಿಗೆ ಕಾಣದ ಬೆಳಕು ಕ್ಯಾಮರಾದಲ್ಲಿ ನೇರಳೆಯಾಗಿ ಮಿನುಗುತ್ತೆ. ಮಿನುಗಿದರೆ ರಿಮೋಟ್ ಚೆನ್ನಾಗಿದೆ.

ಇಲ್ಲಿರೋ ಎಲ್ಲರಿಗೂ ಇನ್ನೊಂದು ಮಾತು. ಅಂಗಡಿಗೆ ಬರೋ ಮಿಕ್ಸಿಗಳಲ್ಲಿ ಎಷ್ಟೋ ಕೆಟ್ಟೇ ಇರೋದಿಲ್ಲ. ಜಾರಿಗೆ ಕಾಯಿ ಜಾಸ್ತಿ ತುಂಬಿ ರುಬ್ಬಿದಾಗ ಮೋಟರ್ ಸುಡಬಾರದು ಅಂತ ಅದೇ ನಿಂತಿರುತ್ತೆ. ಮಿಕ್ಸಿ ತಿರುಗಿಸಿ ನೋಡಿದರೆ ತಳದಲ್ಲಿ ಕಿರುಬೆರಳಿನ ಉಗುರಿನಷ್ಟು ಕೆಂಪು ಗುಂಡಿ. ಪ್ಲಗ್ ತೆಗೆದು, ತಣ್ಣಗಾಗಲು ಬಿಟ್ಟು, ಅದನ್ನು ಒತ್ತಿದರೆ ಸರಿಹೋಗುತ್ತೆ. ಬಸ್ಸಲ್ಲಿ ಮಿಕ್ಸಿ ಹೊತ್ತು ತಂದ ಹೆಂಗಸರಿಗೆ ಆ ಗುಂಡಿ ತೋರಿಸಿ ಹಾಗೇ ಕಳಿಸ್ತೀನಿ. ಮೋಟರನ್ನು ಕಾಪಾಡೋದು ಆ ಗುಂಡಿ, ಅದನ್ನೇ ಯಾರಿಗೂ ಕಾಣದ ಜಾಗದಲ್ಲಿಟ್ಟಿದ್ದಾರೆ. ನಿಂತ ತಕ್ಷಣ ಮುಂದೆ ಒಂದು ಸಣ್ಣ ದೀಪ ಹತ್ತಿದ್ದರೆ ಸಾಕಿತ್ತು.

ಬೆಳಗಿನ ಕಾಫಿ

ರಿಪೇರಿ ಅಣ್ಣ, ನಮ್ಮ ಮನೆಯ ಮಿಕ್ಸಿ ನಾಲ್ಕು ತಿಂಗಳಿಂದ ಅಟ್ಟದ ಮೇಲಿದೆ. ಈಗ ಇಳಿಸಿ ನೋಡಿದೆ. ಕೆಂಪು ಗುಂಡಿ ಇದೆ. ಒತ್ತಿದೆ. ಓಡ್ತಿದೆ!

ಗೆರೆ ಮತ್ತು ಗುಂಡಿ

ನಾನು ಮೊಬೈಲ್ ಆ್ಯಪ್‌ಗಳ ವಿನ್ಯಾಸ ಮಾಡುವವಳು, ಒಂಬತ್ತು ವರ್ಷದಿಂದ ಇದೇ ಕೆಲಸ. ಕಪಿಲಾತೀರ ಅವರೇ, ನಿಮ್ಮ ಅಮ್ಮನ ಬಾಯಲ್ಲಿ ಬಂದ ‘ನಾನೇ ಏನೋ ಒತ್ತಿಬಿಟ್ಟೆ’ ಅನ್ನುವ ಮಾತನ್ನು ನಾನು ನೂರಾರು ಸಲ ಕೇಳಿದ್ದೇನೆ. ಹೊಸ ಆ್ಯಪ್ ಕೈಗೆ ಕೊಟ್ಟು ‘ಇದರಲ್ಲಿ ಒಂದು ಟಿಕೆಟ್ ತೆಗೀರಿ’ ಅಂತ ಹೇಳಿ ನಾವು ಪಕ್ಕದಲ್ಲಿ ಸುಮ್ಮನೆ ಕೂತು ನೋಡುತ್ತೇವೆ. ತಪ್ಪು ನಮ್ಮ ಪರದೆಯದ್ದೇ ಆಗಿದ್ದರೂ ಎದುರಿಗಿದ್ದವರು ‘ಸಾರಿ ಮೇಡಂ’ ಅನ್ನುತ್ತಾರೆ. ಕೂಲಿ ಮಾಡುವವರೂ ಅನ್ನುತ್ತಾರೆ, ಡಾಕ್ಟರೂ ಅನ್ನುತ್ತಾರೆ.

ಅಡುಗೆಮನೆಯ ಕುಕ್ಕರನ್ನೇ ನೋಡಿ. ಒಳಗೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಆದರೆ ಅದು ಕೂಗಿ ಹೇಳುತ್ತದೆ. ಅನ್ನಕ್ಕೆ ಮೂರು ಕೂಗು, ಬೇಳೆಗೆ ನಾಲ್ಕು. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದವರಿಗೂ ಲೆಕ್ಕ ಸಿಗುತ್ತದೆ. ಎರಡು ಒಲೆಯ ಗ್ಯಾಸ್ ಸ್ಟೌನಲ್ಲಿ ಎಡದ ತಿರುಪು ಎಡ ಒಲೆಗೆ, ಬಲದ್ದು ಬಲಕ್ಕೆ. ಯಾರೂ ಚೀಟಿ ಅಂಟಿಸಿಲ್ಲ. ಒಲೆ ಮೂರೋ ನಾಲ್ಕೋ ಆಗಿ, ತಿರುಪುಗಳು ಮಾತ್ರ ಒಂದೇ ಸಾಲಲ್ಲಿ ನಿಂತ ಕೂಡಲೇ ಬಗ್ಗಿ ಗೆರೆ ನೋಡಬೇಕಾಗುತ್ತದೆ.

ನಿಮ್ಮ ಟಿವಿಯ ತೊಂದರೆ ಗುಂಡಿಗಳು ಜಾಸ್ತಿ ಅನ್ನುವುದಷ್ಟೇ ಅಲ್ಲ. ಬಾಕ್ಸಿನ ಕೆಂಪು ಒತ್ತಿದಾಗ ‘ಕೇಳಿಸಿತು, ಏಳುತ್ತಿದ್ದೇನೆ, ತಾಳಿ’ ಅಂತ ಅದು ಹೇಳುವುದಿಲ್ಲ. ಅದಕ್ಕೇ ಅಮ್ಮ ಮತ್ತೆ ಒತ್ತುತ್ತಾರೆ. ನಾನಾದರೂ ಒತ್ತುತ್ತೇನೆ.

ನಿವೃತ್ತ ಮುಖ್ಯೋಪಾಧ್ಯಾಯ

ಎಲ್ಲರ ಮಾತೂ ಓದಿದೆ. ಸ್ವಲ್ಪ ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಸರ ಬೇಡ. ಎಲ್ಲವನ್ನೂ ಸುಲಭ ಮಾಡುತ್ತಾ ಹೋದರೆ ಮನುಷ್ಯ ಕಲಿಯುವುದನ್ನೇ ಬಿಡುತ್ತಾನೆ. ಸೈಕಲ್ ಕಲಿಯುವಾಗ ಮಂಡಿ ಒಡೆದುಕೊಂಡಿಲ್ಲವೆ? ಮಗ್ಗಿ ಬಾಯಿಪಾಠ ಮಾಡಿಲ್ಲವೆ? ನಾನು 68ನೇ ವಯಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿತೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಕೈಗೆ ಕೂರಲು ಹದಿನೈದು ದಿನ ಬೇಕಾಯಿತು. ಈಗ ಬೆರಳು ತಾನಾಗಿ ಓಡುತ್ತದೆ. ಆ ತಾಯಿಯವರಿಗೂ ತಾಳ್ಮೆಯಿಂದ ಕಲಿಸಿ, ಅವರಿಂದ ಆಗುತ್ತದೆ.

ಗೆರೆ ಮತ್ತು ಗುಂಡಿ

ಸರ್, ನೀವು ಹೇಳಿದ ಕೀಲಿಮಣೆಯೇ ನನ್ನ ಮಾತಿಗೂ ಒಳ್ಳೆಯ ಉದಾಹರಣೆ. ಅದರಲ್ಲಿ ‘ಕ’ ಬೇಕಾದರೆ ಇಂಗ್ಲಿಷಿನ ‘ಕೆ’ ಕೀಲಿ, ‘ಮ’ ಬೇಕಾದರೆ ‘ಎಂ’. ಉಚ್ಚಾರಣೆ ಗೊತ್ತಿದ್ದವರಿಗೆ ಅರ್ಧ ಆಗಲೇ ಬಂದಿರುತ್ತದೆ. ಒತ್ತಕ್ಷರಕ್ಕೆ ಒಂದು ಕೀಲಿ, ಅದು ಎಲ್ಲ ಅಕ್ಷರಕ್ಕೂ ಒಂದೇ. ಕಲಿತ ನಿಯಮ ಎಲ್ಲಿಯೂ ಕೈಕೊಡುವುದಿಲ್ಲ.

ಸೈಕಲ್ಲೂ ಹಾಗೆಯೇ. ಕಲಿಯುವುದು ಕಷ್ಟ, ಒಪ್ಪಿದೆ. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಬ್ರೇಕು ಬೇರೆ ಕಡೆ ಹೋಗಿರುವುದಿಲ್ಲ. ಫೋನಿನಲ್ಲಿ ಹಾಗಾಗುತ್ತದೆ. ‘ಅಪ್‌ಡೇಟ್’ ಅಂತ ಬಂದು, ನಿನ್ನೆ ಕೆಳಗಿದ್ದ ಗುಂಡಿ ಇವತ್ತು ಮೇಲೆ ಕೂತಿರುತ್ತದೆ, ಹಸಿರಿದ್ದದ್ದು ಬಿಳಿಯಾಗಿರುತ್ತದೆ. ವಯಸ್ಸಾದವರು ಕಲಿತಿಲ್ಲ ಅನ್ನುವುದು ಸುಳ್ಳು ಸರ್. ಅವರು ಕಲಿತದ್ದನ್ನು ನಮ್ಮ ಕಡೆಯವರು ಮತ್ತೆ ಮತ್ತೆ ಅಳಿಸಿಹಾಕುತ್ತಿದ್ದಾರೆ. ಈ ಕೆಲಸದಲ್ಲಿ ನನ್ನ ಕೈಯೂ ಇದೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ನಿವೃತ್ತ ಮುಖ್ಯೋಪಾಧ್ಯಾಯ

ಬ್ರೇಕಿನ ಮಾತು ಒಪ್ಪಿದೆ ತಾಯಿ. ಅದು ನನಗೆ ಹೊಳೆದಿರಲಿಲ್ಲ.

ಎರಿ ಹೊಲ, ರೋಣ

ನಮ್ಮದೂ ಒಂದು ಹೇಳತೇನ್ರಿ. ತ್ರೀಫೇಸ್ ಕರೆಂಟು ಪಾಳಿ ಮ್ಯಾಲೆ ಬರತೈತಿ. ರಾತ್ರಿ ಎರಡಕ್ಕ ಬಂತಂದ್ರ ಎರಡಕ್ಕ ಬ್ಯಾಟರಿ ಹಿಡಕೊಂಡು ಹೊಲಕ್ಕ ಹೋಗಬೇಕಿತ್ತು, ಹಾವು ಚೇಳು ನೋಡಂಗಿಲ್ಲ. ಈಗ ಸ್ಟಾರ್ಟರಿಗೆ ಸಿಮ್ ಹಾಕೋ ಡಬ್ಬಿ ಬಂದಾವ. ಅದರ ನಂಬರಿಗೆ ಫೋನ್ ಹಚ್ಚಿದ್ರ ಮೋಟರ್ ಚಾಲೂ.

ನಾ ತೊಗೊಂಡಿದ್ದು ಮಾತಾಡೂ ಡಬ್ಬಿ. ಫೋನ್ ಹಚ್ಚಿದ ಕೂಡಲೆ ಕನ್ನಡದಾಗ ಹೇಳತೈತಿ, ಕರೆಂಟ್ ಐತೋ ಇಲ್ಲೋ, ಮೋಟರ್ ನಡದೈತೋ ನಿಂತೈತೋ ಅಂತ. ನಮ್ಮ ಅಪ್ಪಗ ಸಾಲಿ ಬರಂಗಿಲ್ಲ, ಅವರೂ ಹಳೇ ಗುಂಡಿ ಫೋನಿನಾಗ ನಡಸತಾರ. ಬಾಜೂ ಹೊಲದವರು ಆ್ಯಪಿಂದು ತೊಗೊಂಡ್ರು. ಚಂದ ಐತಿ ನೋಡಾಕ, ಹಸಿರು ಚುಕ್ಕಿ ಇದ್ರ ಮೋಟರ್ ಚಾಲೂ ಅಂತ. ಒಂದಿನ ನೆಟ್‌ವರ್ಕ್ ಹೋಗಿತ್ತು. ಚುಕ್ಕಿ ಹಸಿರಾಗೇ ಇತ್ತು, ಮೋಟರ್ ಯಾವಾಗೋ ನಿಂತಿತ್ತು. ಮೆಣಸಿನಗಿಡಕ್ಕ ನೀರು ಹಾದಾವ ಅಂತ ತಿಳಕೊಂಡು ಎರಡು ದಿನ ಕುಂತ್ರು. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಬೇಕ್ರಿ ಯಂತ್ರ. ಹಳೇ ಸುದ್ದೀನ ಹೊಸಾದು ಅಂತ ತೋರಸೂದು ಸುಳ್ಳು ಹೇಳಿದಂಗ.

ಇನ್ನೊಂದು, ಬೆಳಿಗೆ ಹೊಡಿಯೂ ಎಣ್ಣಿ ಡಬ್ಬಿ ಮ್ಯಾಲಿನ ತ್ರಿಕೋನ. ಕೀಟನಾಶಕಕ್ಕ ನಾಕು ಬಣ್ಣ ಮಾಡ್ಯಾರ: ಕೆಂಪು ಅಂದ್ರ ಅತಿ ವಿಷ, ಆಮ್ಯಾಲೆ ಹಳದಿ, ನೀಲಿ, ಕಡೀಕ ಹಸಿರು. ಓದಾಕ ಬರದವರಿಗೂ ತಿಳೀಲಿ ಅಂತ ಮಾಡಿದ್ದು, ಚಲೋನ ಐತಿ. ಆದ್ರ ಹಸಿರಂದ್ರ ನಮ್ಮ ಮಂದಿ ‘ಏನೂ ಆಗಂಗಿಲ್ಲ’ ಅಂತ ತಿಳಿತಾರ. ಸಿಗ್ನಲ್ಲಿನ್ಯಾಗ ಹಸಿರಂದ್ರ ಹೋಗು ಅಂತ ಅಲ್ಲೇನ್ರಿ? ಹಸಿರು ತ್ರಿಕೋನ ಅಂದ್ರೂ ಕಡಿಮಿ ವಿಷ ಐತಿ ಅಂತನ ಅರ್ಥ, ಬರೀ ಕೈಲೆ ಕಲಸಾಕ ಅಲ್ಲ. ನಮ್ಮ ಊರಾಗ ಬರೀ ಕೈಲೆ ಕಲಸಿ ಕೈ ಸುಟ್ಟಕೊಂಡವರನ್ನ ನಾ ಕಣ್ಣಾರೆ ನೋಡೇನಿ.

ಬೆರಳ ಕಣ್ಣು

ಬಣ್ಣದ ವಿಷಯ ಬಂದದ್ದಕ್ಕೆ ಬರೆಯುತ್ತಿದ್ದೇನೆ. ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಫೋನಿನ ಧ್ವನಿ ಸಹಾಯದಿಂದ ಈ ಚರ್ಚೆ ಓದುತ್ತಿದ್ದೇನೆ.

ಬಣ್ಣ ಒಂದನ್ನೇ ನಂಬಬಾರದು, ಜೊತೆಗೆ ಆಕಾರವೂ ಬೇಕು. ಆಹಾರದ ಪೊಟ್ಟಣದ ಗುರುತು ನೋಡಿ. ಮೊದಲು ಸಸ್ಯಾಹಾರಕ್ಕೆ ಹಸಿರು ಚುಕ್ಕಿ, ಮಾಂಸಾಹಾರಕ್ಕೆ ಕಂದು ಚುಕ್ಕಿ. ಬಣ್ಣಗುರುಡು ಇರುವವರಿಗೆ ಎರಡೂ ಒಂದೇ. ಅದಕ್ಕೇ ಮಾಂಸಾಹಾರದ ಚುಕ್ಕಿ ಹೋಗಿ ತ್ರಿಕೋನ ಬಂತು. ನನಗೆ ಅದರಿಂದ ಉಪಯೋಗವಿಲ್ಲ, ಆದರೆ ಬಹಳ ಜನಕ್ಕೆ ಇದೆ.

ನನ್ನ ದಿನದಲ್ಲಿ ಬೆರಳಿಗೆ ಸಿಗುವ ವಸ್ತುಗಳೇ ನಂಬಿಕಸ್ಥ ವಸ್ತುಗಳು. ಫೋನು, ಎಟಿಎಂಗಳ 5ರ ಗುಂಡಿ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ, ಗಮನಿಸಿದ್ದೀರಾ? ಅದು ಸಿಕ್ಕರೆ ಉಳಿದೆಲ್ಲ ಅಂಕಿಗಳೂ ಸಿಗುತ್ತವೆ. ಹೊಸ ನೋಟುಗಳ ಅಂಚಿನಲ್ಲಿ ಉಬ್ಬುಗೆರೆಗಳಿವೆ: 100ಕ್ಕೆ ನಾಲ್ಕು, 200ಕ್ಕೆ ನಾಲ್ಕು ಗೆರೆ ಮತ್ತು ನಡುವೆ ಎರಡು ವೃತ್ತ, 500ಕ್ಕೆ ಐದು. ನೋಟು ಗರಿಗರಿಯಾಗಿದ್ದಾಗ ಚೆನ್ನಾಗಿ ಸಿಗುತ್ತದೆ. ನಾಲ್ಕು ಸಂತೆ ತಿರುಗಿ ಬಂದ ನೋಟಿನಲ್ಲಿ ಗೆರೆ ಸವೆದಿರುತ್ತದೆ. ಆಗ ಉದ್ದ ನೋಡಬೇಕು. 100, 200, 500ರ ಅಗಲ ಒಂದೇ, 66 ಮಿಲಿಮೀಟರ್. ಉದ್ದ 142, 146, 150. ನಾಲ್ಕು ಮಿಲಿಮೀಟರ್ ವ್ಯತ್ಯಾಸವನ್ನು ಬಸ್ಸಿನ ನೂಕಾಟದಲ್ಲಿ ಬೆರಳಿನಿಂದ ಅಳೆಯುವುದು ಹೇಗೆ? 2020ರಲ್ಲಿ ರಿಸರ್ವ್ ಬ್ಯಾಂಕ್ ‘ಮನಿ’ ಎಂಬ ಆ್ಯಪ್ ತಂದಿತು, ಕ್ಯಾಮರಾ ಹಿಡಿದರೆ ನೋಟು ಎಷ್ಟರದೆಂದು ಹೇಳುತ್ತದೆ. ಒಳ್ಳೆಯದೇ. ಆದರೆ ಕಂಡಕ್ಟರ್ ಎದುರು ನಿಂತು ಫೋನ್ ತೆಗೆಯುವ ಬದಲು ನೋಟೇ ಹೇಳಿದ್ದರೆ ಚೆನ್ನಾಗಿತ್ತು. 20 ರೂಪಾಯಿ ನಾಣ್ಯ ನೋಡಿ, ಹನ್ನೆರಡು ಅಂಚು. ಮುಟ್ಟಿದ ತಕ್ಷಣ ಗೊತ್ತಾಗುತ್ತದೆ.

ನಮ್ಮ ಮನೆಗೆ ಇಂಡಕ್ಷನ್ ಒಲೆ ತರಲು ಹೋದಾಗ ಅಂಗಡಿಯವರು ನುಣ್ಣಗೆ ಗಾಜಿನಂತಿದ್ದ ಟಚ್ ಒಲೆ ತೋರಿಸಿದರು. ಅದು ನನ್ನ ಕೈಗೆ ಖಾಲಿ ಹಲಗೆ. ಒತ್ತುವ ಗುಂಡಿ ಇರುವ ಹಳೆಯ ಮಾದರಿ ಕೇಳಿ ತಂದೆ. ಈಗ ವಾಷಿಂಗ್ ಮೆಷಿನ್, ಲಿಫ್ಟ್ ಎಲ್ಲವೂ ನುಣ್ಣಗಾಗುತ್ತಿವೆ. ಅವು ಹೊಳೆದಷ್ಟೂ ನನಗೆ ಒಂದೊಂದು ಬಾಗಿಲು ಮುಚ್ಚುತ್ತಿದೆ. ಕಪಿಲಾತೀರ ಅವರೇ, ನಿಮ್ಮ ತಾಯಿಯ ರಿಮೋಟಿಗೂ ಉಬ್ಬು ಮಾಡಿಕೊಡಿ. ವಯಸ್ಸಾದ ಕಣ್ಣಿಗಿಂತ ಬೆರಳು ಚುರುಕು.

ಚಾಕ್‌ಪೀಸ್

ಬೆರಳ ಕಣ್ಣು ಅವರ ಮಾತು ಓದಿ ನನಗೆ ಮತಯಂತ್ರ ನೆನಪಾಯ್ತು. ನಾನು ಹೈಸ್ಕೂಲ್ ಟೀಚರು, ಐದು ಚುನಾವಣೆಯಲ್ಲಿ ಮತಗಟ್ಟೆ ಕೆಲಸ ಮಾಡಿದ್ದೀನಿ. 80 ದಾಟಿದ ಅಜ್ಜಿಯರು, ಜೀವನದಲ್ಲಿ ಬೇರೆ ಯಾವ ಯಂತ್ರವನ್ನೂ ಮುಟ್ಟದವರು, ಬಂದು ಮತ ಹಾಕಿ ಹೋಗ್ತಾರೆ. ಯಾಕೆ ಆಗುತ್ತೆ ಅಂತ ಯೋಚನೆ ಮಾಡಿ. ಒಂದು ಚಿಹ್ನೆ, ಅದರ ಎದುರಿಗೆ ಒಂದು ನೀಲಿ ಗುಂಡಿ. ಒತ್ತಿದರೆ ಪಕ್ಕದಲ್ಲೇ ಕೆಂಪು ದೀಪ, ಜೊತೆಗೆ ಉದ್ದನೆಯ ಬೀಪ್. ಗುಂಡಿಗಳ ಪಕ್ಕ ಬ್ರೈಲ್ ಅಂಕಿ. ಎರಡನೇ ಸಲ ಒತ್ತಿದರೆ ಏನೂ ಆಗಲ್ಲ, ನಮ್ಮ ಮೇಜಿನ ಮೇಲಿರುವ ಯಂತ್ರದಲ್ಲಿ ಮತ್ತೆ ‘ಬ್ಯಾಲೆಟ್’ ಒತ್ತುವ ತನಕ ಅದು ಸುಮ್ಮನಿರುತ್ತೆ. ಮತದಾರರ ಕೈಯಲ್ಲಿ ಕೆಡಿಸುವಂಥ ಗುಂಡಿಯೇ ಇಲ್ಲ!

ಇದನ್ನು ತಯಾರಿಸೋರು ನಮ್ಮ ಬೆಂಗಳೂರಿನ ಬಿಇಎಲ್, ಹೈದರಾಬಾದಿನ ಇಸಿಐಎಲ್. ಮೊದಲು ಬಳಸಿದ್ದು 1982ರಲ್ಲಿ, ಕೇರಳದ ಪರವೂರಲ್ಲಿ. ಅದಕ್ಕೂ ಹಿಂದೆ, 1951-52ರ ಮೊದಲ ಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಆಯ್ತು. ಓದು ಬಾರದವರನ್ನು ಮೊದಲ ದಿನದಿಂದಲೇ ಮನಸ್ಸಲ್ಲಿಟ್ಟುಕೊಂಡು ಮಾಡಿದ ವ್ಯವಸ್ಥೆ. ಒಂದು ಕೊರತೆ ಹೇಳ್ತೀನಿ: ಈಗ ಯಾರಿಗೆ ಮತ ಬಿತ್ತು ಅಂತ ತೋರಿಸೋ ಚೀಟಿ ಪಕ್ಕದ ಗಾಜಿನ ಕಿಂಡಿಯಲ್ಲಿ 7 ಸೆಕೆಂಡ್ ಕಾಣುತ್ತೆ. ಕನ್ನಡಕ ಸರಿಮಾಡಿಕೊಂಡು ಬಗ್ಗುವಷ್ಟರಲ್ಲಿ ಕೆಲವು ಅಜ್ಜಂದಿರಿಗೆ ಅದು ಬಿದ್ದುಹೋಗಿರುತ್ತೆ.

ಕಿರಾಣಿ ಕಟ್ಟೆ

ಅಂಗಡಿಯಲ್ಲಿ ದುಡ್ಡು ಬಂದ ತಕ್ಷಣ ಕೂಗೋ ಸೌಂಡ್‌ಬಾಕ್ಸ್ ನನಗೆ ಬಹಳ ಇಷ್ಟ. ಕೈಯೆಲ್ಲ ಬೆಲ್ಲ, ಫೋನ್ ಮುಟ್ಟೋ ಹಾಗಿಲ್ಲ, ಅದು ಕನ್ನಡದಲ್ಲಿ ಕೂಗುತ್ತೆ, ನಾನು ‘ಬಂತು ಹೋಗಿ’ ಅಂತೀನಿ. ಕೊಟ್ಟವರಿಗೂ ಸಮಾಧಾನ.

ಆದರೆ ಅದೇ ಯುಪಿಐಯಲ್ಲಿ ಪಕ್ಕದ ಬೀದಿಯ ಟೈಲರಮ್ಮ 8,000 ಕಳಕೊಂಡರು. ‘ನಿಮಗೆ ದುಡ್ಡು ಬರಬೇಕು, ಪಿನ್ ಹಾಕಿ’ ಅಂತ ಫೋನಲ್ಲಿ ಹೇಳಿದ್ದಾರೆ, ಹಾಕಿದ್ದಾರೆ. ಪಿನ್ ಬೇಕಾಗೋದು ದುಡ್ಡು ಕೊಡೋಕೆ, ತಗೊಳ್ಳೋಕೆ ಅಲ್ಲ. ಅದು ನಮಗೆಲ್ಲ ಗೊತ್ತು. ಆದರೆ ಪಿನ್ ಪುಟದಲ್ಲಿ ‘ನಿಮ್ಮ ಖಾತೆಯಿಂದ ದುಡ್ಡು ಹೋಗ್ತಿದೆ’ ಅಂತ ಎದೆಗೆ ತಾಗೋ ಹಾಗೆ ಕನ್ನಡದಲ್ಲಿ ಇದ್ದಿದ್ದರೆ ಆಯಮ್ಮ ಹಾಕ್ತಿರಲಿಲ್ಲ. ಒಬ್ಬರಿಂದ ಒಬ್ಬರು ದುಡ್ಡು ಕೇಳೋ ‘ಕಲೆಕ್ಟ್’ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಅದು ಒಳ್ಳೇದಾಯ್ತು. ಜಾಗೃತಿ ಜಾಹೀರಾತು ನೂರು ಬಂದವು. ಅವೆಲ್ಲದಕ್ಕಿಂತ ಆ ಬಾಗಿಲು ಮುಚ್ಚಿದ್ದು ಹೆಚ್ಚು ಕೆಲಸ ಮಾಡುತ್ತೆ ಅಂತ ನನ್ನ ನಂಬಿಕೆ.

ನೇತ್ರಾವತಿ ದಡ

ಕನ್ನಡ ಇದ್ದರೆ ಸಾಲದು ಮಾರಾಯ್ರೆ, ಯಾವ ಕನ್ನಡ ಅಂತಲೂ ಉಂಟು. ನಮ್ಮ ಪೇಟೆಯ ಎಟಿಎಂ ಒಂದರಲ್ಲಿ ಕನ್ನಡ ಒತ್ತಿದರೆ ‘ನಗದು ಹಿಂಪಡೆಯುವಿಕೆ’, ‘ಶೇಷ ವಿಚಾರಣೆ’ ಅಂತ ಬರುತ್ತದೆ. ನಾನು ಎಂ.ಎ. ಕನ್ನಡ ಮಾಡಿದವನು, ನನಗೇ ಒಂದು ಗಳಿಗೆ ಬೇಕಾಯಿತು. ‘ದುಡ್ಡು ತೆಗೆಯಿರಿ’, ‘ಖಾತೆಯಲ್ಲಿ ಎಷ್ಟಿದೆ’ ಅಂತ ಹಾಕಿದರೆ ಭಾಷೆಯ ಮರ್ಯಾದೆ ಹೋಗುವುದಿಲ್ಲ. ಇನ್ನೊಂದು ಕಡೆ ಬ್ಯಾಲೆನ್ಸಿಗೆ ‘ಬಾಕಿ’ ಅಂತ ಹಾಕಿದ್ದರು. ‘ನಿಮ್ಮ ಬಾಕಿ 4,300’ ಅಂತ ಮೆಸೇಜು ಬಂದದ್ದು ನೋಡಿ ನಮ್ಮ ದೊಡ್ಡಮ್ಮ ಸಾಲ ಯಾವಾಗ ಮಾಡಿದೆ ಅಂತ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಹಾಗಾಗಿ ಜನ ಕನ್ನಡ ಬಿಟ್ಟು ಇಂಗ್ಲಿಷ್ ಒತ್ತುತ್ತಾರೆ, ಆಮೇಲೆ ‘ಕನ್ನಡ ಯಾರೂ ಬಳಸುವುದಿಲ್ಲ’ ಅಂತ ಲೆಕ್ಕ ತೋರಿಸುತ್ತಾರೆ.

ಗೆರೆ ಮತ್ತು ಗುಂಡಿ

ಇದಕ್ಕೆ ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ. ‘ಈ ಟಿಕೆಟ್ ರದ್ದು ಮಾಡಬೇಕೆ?’ ಅಂತ ಪ್ರಶ್ನೆ. ಕೆಳಗೆ ಎರಡು ಗುಂಡಿ: ‘ಸರಿ’, ‘ರದ್ದುಮಾಡಿ’. ಟಿಕೆಟ್ ಬೇಡವಾದವರು ಯಾವುದು ಒತ್ತಬೇಕು? ಇಂಗ್ಲಿಷಿನ ಗುಂಡಿಯನ್ನು ಹಾಗೇ ಅನುವಾದಿಸಿದರೆ ಹೀಗಾಗುತ್ತದೆ. ನಮ್ಮ ತಂಡದಲ್ಲಿ ಜಗಳ ಆಡಿ ಅದನ್ನು ‘ಟಿಕೆಟ್ ಬೇಡ’, ‘ಟಿಕೆಟ್ ಇರಲಿ’ ಅಂತ ಮಾಡಿಸಿದೆ. ಗುಂಡಿ ಮೇಲಿನ ಮಾತು ಒಂದನ್ನೇ ಓದಿದರೂ ಏನಾಗುತ್ತದೆ ಅಂತ ಗೊತ್ತಾಗಬೇಕು. ಮೇಲಿನ ಪ್ರಶ್ನೆಯನ್ನು ಬಹಳ ಜನ ಓದುವುದಿಲ್ಲ.

ಕಪಿಲಾತೀರ (ಚರ್ಚೆ ಆರಂಭಿಸಿದವರು)

ಊರಿಂದ ಬಂದೆ. ಎಲ್ಲರಿಗೂ ಹೇಗಾಯ್ತು ಅಂತ ಹೇಳಬೇಕು.

ಚೀಟಿ ಕಿತ್ತೆ. ಬಾಕ್ಸಿನ ರಿಮೋಟಿಗೆ ಟಿವಿಯ ಪವರ್, ವಾಲ್ಯೂಮ್ ಕಲಿಸಿದೆ, ಮೂರನೇ ಪ್ರಯತ್ನಕ್ಕೆ ಕಲೀತು. ಸಿಇಸಿ ನಮ್ಮ ಬಾಕ್ಸಿಗೆ ಇರಲಿಲ್ಲ. ಹಾಗಾಗಿ ಬಾಕ್ಸನ್ನು ಆಫ್ ಮಾಡೋದೇ ಬೇಡ, ಟಿವಿ ಒಂದನ್ನೇ ಹಾಕಿ ಆರಿಸೋದು ಅಂತ ಮಾಡಿದೆ. ಬಾಕ್ಸಿನ ಕೆಂಪು ಗುಂಡಿ ಮೇಲೆ ಟೇಪು ಅಂಟಿಸಿದೆ. ಟಿವಿ ಹಾಕೋ ಗುಂಡಿಗೆ ಬೆರಳ ಕಣ್ಣು ಅವರು ಹೇಳಿದ ಹಾಗೆ ಉಬ್ಬು ಮಾಡಿದೆ. ಉಗುರುಬಣ್ಣದ ದಪ್ಪ ಹನಿ, ಅಮ್ಮನೇ ಹಾಕಿದರು.

ಆದರೂ ಅಮ್ಮ ರಿಮೋಟ್ ಮುಟ್ಟೋಕೆ ಹಿಂದೇಟು ಹಾಕ್ತಿದ್ರು. ಆಗ ಚಾಕ್‌ಪೀಸ್ ಅವರ ‘ಕೆಡಿಸುವಂಥ ಗುಂಡಿಯೇ ಇಲ್ಲ’ ಅನ್ನೋ ಮಾತು ನೆನಪಾಯ್ತು. ಬೀರುವಿನಿಂದ ಹಳೇ ಟಿವಿ ರಿಮೋಟ್ ತೆಗೆದು ಸೆಲ್ ಹಾಕಿ, “ಅಮ್ಮ, ಈಗ ಬೇಕು ಅಂತಲೇ ಕೆಡಿಸು” ಅಂದೆ. ಗಾಬರಿಯಾದರು. “ಸೋರ್ಸ್ ಒತ್ತು, ನೀಲಿ ಬರಲಿ.” ಒತ್ತಿದರು. ನೀಲಿ ಬಂತು. “ಈಗ ಅದನ್ನೇ ಒತ್ತುತ್ತಾ ಹೋಗು, ಒಂದೊಂದು ಸಲಕ್ಕೆ ಒಂದೊಂದು ಹೆಸರು ಬದಲಾಗುತ್ತೆ, ಚಿತ್ರ ಬಂದಾಗ ನಿಲ್ಲಿಸು.” ನಾಲ್ಕನೇ ಸಲಕ್ಕೆ ಚಿತ್ರ ಬಂತು. ಅಮ್ಮ ಸ್ವಲ್ಪ ಹೊತ್ತು ಟಿವಿಯನ್ನೇ ನೋಡಿದರು. ಆಮೇಲೆ ನನ್ನನ್ನು ಕೇಳದೆ ತಾವೇ ಇನ್ನೊಂದು ಸಲ ನೀಲಿ ಮಾಡಿ, ತಾವೇ ವಾಪಸ್ ತಂದರು. ರಾತ್ರಿ ಊಟ ಆದಮೇಲೆ ಫೋನ್ ತಂದು ಪಕ್ಕದಲ್ಲಿ ಕೂತು “ಇದನ್ನೂ ಒಂದ್ಸಲ ಕೆಡಿಸಿ ನೋಡಾಣ್ವ?” ಅಂದರು.

ಈ ವಾರ ಏಳೂವರೆಗೆ ಫೋನ್ ಬಂದಿಲ್ಲ. ಒಂಬತ್ತಕ್ಕೆ ಬರುತ್ತೆ, ಸೀರಿಯಲ್ ಮುಗಿದ ಮೇಲೆ, ಕತೆ ಹೇಳೋಕೆ.

ರಿಪೇರಿ ಅಂಗಡಿ, ತಿಪಟೂರು

ಬಹಳ ಸಂತೋಷ ಅಕ್ಕ. ಒಂದೇ ಮಾತು: ರಬ್ಬರ್ ಗುಂಡಿ ಮೇಲೆ ಉಗುರುಬಣ್ಣ ತುಂಬ ದಿನ ನಿಲ್ಲಲ್ಲ, ಎದ್ದು ಬರುತ್ತೆ. ಸೈಕಲ್ ಟ್ಯೂಬಿನ ಚೂರು ಗೋಧಿಕಾಳಿನಷ್ಟು ಕತ್ತರಿಸಿ, ಪಂಚರ್ ಅಂಟಿನಲ್ಲಿ ಅಂಟಿಸಿ. ಮುಂದಿನ ಸಲ ಹೋಗೋವಾಗ ಅಂಗಡಿ ಕಡೆ ಬಂದರೆ ನಾನೇ ಕತ್ತರಿಸಿ ಕೊಡ್ತೀನಿ.